ಮೂವತ್ತನೆಯ ಸ್ಥಾನ

ಕಳೆದ ಶುಕ್ರವಾರ ಕ್ರೀಡಾ ವರದಿಗಾರ ಲಿಯೋ ಪಾವ್ಲಿಕ್ ತನ್ನ ಪತ್ರಿಕೆಯಲ್ಲಿ ಬೇಸ್‌ಬಾಲ್‌ನ ಮೂವತ್ತು ತಂಡಗಳಿಗೂ ಸ್ಥಾನ ಹಂಚಿದ. ನಮ್ಮ ಪಿಟ್ಸ್‌ಬರ್ಗ್ ತಂಡಕ್ಕೆ ಕೊಟ್ಟದ್ದು ಮೂವತ್ತನೆಯದು. ಪಂದ್ಯಗಳು ಶುರುವಾಗಿ ಆಗ ವಾರವಷ್ಟೇ ಆಗಿತ್ತು. ಅಂದಿನಿಂದ ನಮ್ಮ ಹುಡುಗರು ಆಡಿದ ಆರಕ್ಕೆ ಆರನ್ನೂ ಗೆದ್ದುಬಿಟ್ಟರು.

ಈ ಶುಕ್ರವಾರ ಬೆಳಿಗ್ಗೆ ಅವನು ಕಸದ ಡಬ್ಬಿ ಹೊರಗಿಡಲು ಬಂದಾಗ ಪಕ್ಕದ ಮನೆಯ ಹೆಲೆನಮ್ಮ ಬೇಲಿಯ ಬಳಿ ಕಾದು ನಿಂತಿದ್ದಳು.

“ಏನಪ್ಪಾ ಪಂಡಿತ, ಹುಟ್ಟಿದೂರಿನ ತಂಡಾನ ಕೊನೇಲಿ ಕೂರ್ಸಿದೀಯಲ್ಲ! ನಿಮ್ಮಪ್ಪ ಬದುಕಿದ್ದಿದ್ರೆ ನಿನಗೆ ಊಟ ಹಾಕ್ತಿದ್ನಾ?”

ಲಿಯೋ ಡಬ್ಬಿಯ ಹಿಂದೆ ಅರ್ಧ ಬಗ್ಗಿಯೇ ಮನೆಯೊಳಗೆ ಓಡಿದ.

ಕ್ಷೌರದಂಗಡಿಯಲ್ಲಿ ಅವನಿಗಿಂತ ಮುಂಚೆ ಬಂದವರು ಇಬ್ಬರೇ. ಆದರೂ ವಿನ್ಸ್ ಕತ್ತರಿ ಆಡಿಸುತ್ತಲೇ ಹೇಳಿದ: “ಕೂತ್ಕೋ ಗುರೂ. ನಿನ್ನ ಸರದಿ ಮೂವತ್ತನೇದು. ಇನ್ನೂ ಇಪ್ಪತ್ತೇಳು ಜನ ಬರ್ಬೇಕು.”

ಬೈಗುಳ ಹೇಗೋ ನುಂಗಬಹುದಿತ್ತು. ನುಂಗಲಾಗದ್ದು ನಿಜ ಸಂಗತಿ. ಇಪ್ಪತ್ತೆರಡು ವರ್ಷ ಈ ಆಟದ ಅನ್ನ ತಿಂದವನು ಈ ಸಲ ಒಂದು ಪಂದ್ಯವನ್ನೂ ನೋಡಿರಲಿಲ್ಲ. ಏಪ್ರಿಲ್ ಚಳಿಗೆ ಹೆದರಿ, ಕಂಬಳಿ ಹೊದ್ದು, ಇಪ್ಪತ್ತು ನಿಮಿಷದಲ್ಲಿ ಪಟ್ಟಿ ಗೀಚಿ ಕಳಿಸಿದ್ದ. ನೆನೆದಾಗಲೆಲ್ಲ ಅವನ ಕಿವಿ ಬಿಸಿಯಾಗುತ್ತಿತ್ತು.

ಮಧ್ಯಾಹ್ನ ಪತ್ರಿಕೆಯ ಜಾಲತಾಣಕ್ಕೆ ಹೊಸ ಪಟ್ಟಿ ಬರೆದ. ನಮ್ಮ ತಂಡವನ್ನು ಮೊದಲ ಸ್ಥಾನಕ್ಕೇರಿಸಿದ, ಕೆಳಗೆ ಕ್ಷಮೆಯನ್ನೂ ಕೇಳಿದ. ಕಾರಣ ಬರೆಯಲು ಮಾತ್ರ ಧೈರ್ಯ ಬರಲಿಲ್ಲ. ಅದನ್ನು ಸಂಜೆ ಎಲ್ಲರೆದುರೇ ಹೇಳಿ ಹಗುರಾಗೋಣ ಎಂದುಕೊಂಡ.

ಅದು ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ಶುಕ್ರವಾರ, ಮಾಂಸ ತಿನ್ನದ ದಿನ. ಚರ್ಚಿನ ಸಭಾಂಗಣದಲ್ಲಿ ಕರಿದ ಮೀನಿನ ಊಟ. ಲಿಯೋ ಒಳಗೆ ಕಾಲಿಟ್ಟದ್ದೇ ತಡ, ಇಡೀ ಸಭಾಂಗಣ ತಟ್ಟೆ ಬಿಟ್ಟು ಅವನನ್ನು ನೋಡಿತು. ರೇಡಿಯೋದಲ್ಲಿ ಪಂದ್ಯ ಬರುತ್ತಿತ್ತು. ನಮ್ಮವರು ಏಳು–ಸೊನ್ನೆಯಿಂದ ಹಿಂದಿದ್ದರು.

“ಪಟ್ಟಿ ಬದಲಾಯಿಸಿದ್ಯಂತೆ?” ಹೆಲೆನಮ್ಮ ಸೌಟು ಹಿಡಿದು ಬಂದಳು. “ಗೆಲ್ತಿರೋವಾಗ ಯಾರಾದ್ರೂ ಏನಾದ್ರೂ ಬದಲಾಯಿಸ್ತಾರೇನೋ!”

“ನಿನ್ನ ಹಳೇ ಪಟ್ಟೀನ ಹುಡುಗ್ರು ತಮ್ಮ ಕೋಣೆ ಬಾಗ್ಲಿಗೆ ಅಂಟಿಸ್ಕೊಂಡು, ದಿನಾ ಬೈದು ಆಡೋಕೆ ಹೋಗ್ತಿದ್ರಂತೆ,” ಎಂದ ವಿನ್ಸ್. “ಒಬ್ಬ ಆರು ದಿನದಿಂದ ಕಾಲುಚೀಲ ಒಗೆದಿಲ್ಲ. ನಾನು ಗಡ್ಡ ಮುಟ್ಟಿಲ್ಲ ಮಾರಾಯ, ಕ್ಷೌರದವನು ನಾನು!”

“ಬೆಳಿಗ್ಗೆ ನೀವೇ ಬೈದ್ರಲ್ಲ!”

“ಬೈಯೋದು ನಮ್ಮ ಕೆಲಸ,” ಎಂದಳು ಹೆಲೆನಮ್ಮ. “ಬದಲಾಯಿಸು ಅಂತ ಯಾರಾದ್ರೂ ಹೇಳಿದ್ರಾ?”

ಲಿಯೋಗೆ ತಡೆಯಲಾಗಲಿಲ್ಲ. “ನಾಚಿಕೆಯಾಗಿತ್ತಮ್ಮಾ! ಒಂದ್ ಪಂದ್ಯಾನೂ ನೋಡದೆ ಬರೆದಿದ್ದೆ. ಆಮೇಲೆ ಗೆದ್ದ ಆರನ್ನೂ ನೋಡಿಲ್ಲ, ರೇಡಿಯೋನೂ ಹಾಕಿಲ್ಲ. ಇವತ್ತೇ ಮೊದಲ್ನೇ ಸಲ ಕೇಳ್ತಿರೋದು. ಇನ್ಮೇಲೆ ಒಂದೂ ಬಿಡದೆ ನೋಡ್ತೀನಿ, ನನ್ನಾಣೆ!”

ಜನ ರೇಡಿಯೋ ಕಡೆ ನೋಡಿದರು. ಆಮೇಲೆ ಲಿಯೋ ಕಡೆ ನೋಡಿದರು.

ಮರುಕ್ಷಣ ನಾಲ್ಕು ಕೈಗಳು ಅವನನ್ನು ಅಡುಗೆಕೋಣೆಗೆ ನೂಕಿ, ಆಲೂಗಡ್ಡೆ ಮೂಟೆಯ ಮುಂದೆ ಕೂರಿಸಿ, ಬಾಗಿಲು ಎಳೆದುಕೊಂಡವು. ಅವನು ಮೊದಲ ಗೆಡ್ಡೆಯ ಸಿಪ್ಪೆ ಸುಲಿದಿರಲಿಲ್ಲ, ಆಚೆ ಛಾವಣಿ ಹಾರುವಂತೆ ಕೂಗೆದ್ದಿತು.

“ಏನಾಯ್ತು? ಹೋಮ್ ರನ್ನಾ? ಯಾರು ಹೊಡೆದ್ರು?” ಲಿಯೋ ಬಾಗಿಲಿಗೆ ಓಡಿದ.

ಹೊರಗಿನಿಂದ ಯಾರೋ ಚಿಲಕ ಹಾಕಿದರು.