ಡೀಮೆನ್ ದರ್ಶನ

ಅನಂತರಾಮನ ಆ ಭಾನುವಾರ ಕೆಟ್ಟದ್ದು ಒಂದು ಪ್ರಶ್ನೆಯಿಂದ. ಶಿಕಾಗೋ ಪಕ್ಕದ ನೇಪರ್‌ವಿಲ್‌ನಲ್ಲಿ ಹತ್ತು ವರ್ಷ ಇದ್ದು, ಈಚೆಗಷ್ಟೇ ಆಮ್‌ಸ್ಟರ್‌ಡ್ಯಾಮ್ ಆಫೀಸಿಗೆ ವರ್ಗವಾಗಿ ಬಂದಿದ್ದ ಸಹೋದ್ಯೋಗಿ ಜಯದೇವ, ಆ ನಗರದ ಅಂಚಿನ ಡೀಮೆನ್‌ನಲ್ಲಿದ್ದ ಅನಂತರಾಮನ ಮನೆಗೆ ಉಪ್ಪಿಟ್ಟಿಗೆಂದು ಬಂದವನು, "ಈ ಡೀಮೆನ್‌ನಲ್ಲಿ ಅಂಥಾದ್ದೇನಿದೆ ಸಾರ್?" ಎಂದುಬಿಟ್ಟ.

ಕೇಳಿ ಸುಮ್ಮನಾಗಲಿಲ್ಲ. ಶಿಕಾಗೋ ಬಳಿಯ ಓಕ್ ಪಾರ್ಕಿನಲ್ಲಿ ಜಗತ್ತೇ ಬಂದು ನೋಡುವಂಥ ಮನೆಗಳಿವೆಯಂತೆ. ಎಡಿಸನ್ ಎಂಬ ಊರಿನಲ್ಲಿ ರಸ್ತೆಯುದ್ದಕ್ಕೂ ನಮ್ಮವರದೇ ಸೀರೆ ಅಂಗಡಿ, ಮಿಠಾಯಿ ಅಂಗಡಿ. ಲೆವಿಟ್‌ಟೌನ್ ಎಂಬಲ್ಲಿ ಎರಡನೇ ಮಹಾಯುದ್ಧ ಮುಗಿದದ್ದೇ ತಡ, ಒಂದೇ ಅಚ್ಚಿನ ಸಾವಿರಾರು ಮನೆಗಳನ್ನು ಇಡ್ಲಿ ಬೇಯಿಸಿದ ಹಾಗೆ ಎಬ್ಬಿಸಿದರಂತೆ. ನೇಪರ್‌ವಿಲ್‌ನ ನದೀದಂಡೆಯ ವರ್ಣನೆಯಂತೂ ಉಪ್ಪಿಟ್ಟು ಆರಿದರೂ ಮುಗಿಯಲಿಲ್ಲ. ಇದನ್ನಾದರೂ ಸಹಿಸಬಹುದಿತ್ತು. ಆದರೆ ಹೆಂಡತಿ ವಿಜಯಾ ಸೌಟು ಹಿಡಿದು ನಿಂತಲ್ಲೇ ನಿಟ್ಟುಸಿರಿಟ್ಟಳು. ಅನಂತರಾಮನಿಗೆ ಮೈಯೆಲ್ಲ ಉರಿಯಿತು. ಈ ಊರನ್ನು ಹುಡುಕಿ, ವಾದಿಸಿ ಅವಳನ್ನು ಒಪ್ಪಿಸಿದ್ದವನು ಅವನೇ.

"ಶೂ ಹಾಕ್ಕೊಳ್ಳಿ, ತೋರಿಸ್ತೀನಿ," ಎಂದ.

ಮೊದಲ ತಿರುವಿನಲ್ಲೇ ಮಳೆಗಾಳಿ ಅವನ ಕೊಡೆಯನ್ನು ಮಗುಚಿ ಬಾಣಲೆ ಮಾಡಿತು. ಸೈಕಲ್ ದಾರಿಯಲ್ಲಿ ನಿಂತು ಚರ್ಚಿನ ಗೋಪುರ ತೋರಿಸುತ್ತಿದ್ದಾಗ ಅಜ್ಜಿಯೊಬ್ಬಳು ಗಂಟೆ ಬಾರಿಸಿ, ಸಾಲದೆಂದು ಸೈಕಲ್ಲಿನಿಂದ ಇಳಿದು, ಇಬ್ಬರನ್ನೂ ಡಚ್ಚಿನಲ್ಲಿ ಮನಸಾರೆ ಬೈದಳು. ಅಂಗಡಿಬೀದಿಗೆ ಹೋದರೆ ಎಲ್ಲ ಬಾಗಿಲು ಹಾಕಿತ್ತು. ಅವರು ಕಾಲುವೆ ತಲುಪುವುದಕ್ಕೂ ಸೇತುವೆ ಮೇಲೇಳುವುದಕ್ಕೂ ಸರಿಹೋಯಿತು. ದೋಣಿಯೊಂದು ಮದುವೆ ದಿಬ್ಬಣದ ಗತಿಯಲ್ಲಿ ದಾಟುವಷ್ಟರಲ್ಲಿ, ಪಕ್ಕದಲ್ಲಿದ್ದವನ ನಾಯಿ ಜಯದೇವನ ಪ್ಯಾಂಟಿನ ಮೇಲೆ ಮೈ ಕೊಡವಿತು; ನಾಯಿಯ ಯಜಮಾನ ಕ್ಷಮೆ ಕೇಳುವ ಬದಲು ಅದರ ವಂಶಾವಳಿ ಶುರುಮಾಡಿದ.

ಅವಮಾನ ಹೆಚ್ಚಿದಷ್ಟೂ ಅನಂತರಾಮನ ಗಂಟಲು ಏರಿತು. "ಎಡಿಸನ್‌ನಲ್ಲಿ ಸೀರೆ ಸಿಗತ್ತೆ, ಒಪ್ಪಿದೆ. ನಿಮ್ಮ ನೇಪರ್‌ವಿಲ್‌ನಲ್ಲಿ ಕಾರಿಲ್ದೆ ಒಂದು ಕಟ್ಟು ಕೊತ್ತಂಬರಿ ತನ್ನಿ ನೋಡೋಣ," ಎಂದು ಗುಡುಗಿದ.

ಜಯದೇವ ಬಗ್ಗಿ ಪ್ಯಾಂಟು ಒರೆಸಿಕೊಂಡ. ಗೆದ್ದೆನೋ ಸೋತೆನೋ ತಿಳಿಯದೆ ಅನಂತರಾಮ ತೊಪ್ಪೆಯಾಗಿ ಮರಳಿದ. ಮೆಟ್ಟಿಲ ಬುಡದಲ್ಲಿ, ಯಾರ ಮನೆಗೆ ಯಾರು ಬಂದರೆಂಬ ಲೆಕ್ಕವಿಲ್ಲದೆ ಊಟ ಸೇರದ ಕೆಳಮನೆಯ ಡಚ್ ಹೆಂಗಸು ಹಾನೆಕೆ ಕಾದಿದ್ದಳು. ಅತಿಥಿಯನ್ನು ಅವಳ ವಿಚಾರಣೆಗೆ ಒಪ್ಪಿಸಿ ಅವನು ಬಟ್ಟೆ ಬದಲಿಸಲು ಓಡಿದ.

ಮೇಲೆ ಬಂದ ಜಯದೇವನ ಮುಖ ಅರಳಿತ್ತು. "ಹತ್ತು ವರ್ಷ ಇದ್ರೂ ಅಲ್ಲಿ ಪಕ್ಕದ ಮನೆಯವರ ಹೆಸರು ಗೊತ್ತಾಗ್ಲಿಲ್ಲ ಸಾರ್. ಗ್ಯಾರೇಜ್ ಬಾಗಿಲು ತೆಗೆಯತ್ತೆ, ಮುಚ್ಚತ್ತೆ, ಅಷ್ಟೇ. ಇಲ್ಲಿ ಒಂದೇ ಬೆಳಿಗ್ಗೇಲಿ ಎಷ್ಟು ಜನ ಮಾತಾಡಿಸಿದ್ರು. ನಿಮ್ಮ ಪಕ್ಕದ ಫ್ಲಾಟ್ ಹಾನೆಕೆ ತಮ್ಮಂದಂತೆ, ಖಾಲಿ ಇದ್ಯಂತೆ. ಬಾಡಿಗೆಗೆ ಒಪ್ಕೊಂಡ್‌ಬಿಟ್ಟೆ."

ಬಳಿಕ ವಿಜಯಾಳಿಗೆ ಡೀಮೆನ್ ವರ್ಣನೆ ಆರಂಭವಾಯಿತು: ಆ ಸೇತುವೆ, ಆ ಗೋಪುರ, ಆ ಜನ. ಅವಳು ಗಲ್ಲಕ್ಕೆ ಕೈಯಿಟ್ಟು ಕೇಳಿ, ಗಂಡನತ್ತ ತಿರುಗಿದಳು.

"ಇಷ್ಟು ಒಳ್ಳೆ ಊರು ಅಂತ ನೀವು ಒಂದಿನಾನೂ ಹೇಳ್ಲಿಲ್ವಲ್ಲ."

ನಾಲ್ಕು ವರ್ಷದಿಂದ ಅದನ್ನೇ ಹೇಳುತ್ತ ಬಂದಿದ್ದ ಅನಂತರಾಮ ಉರಿದೆದ್ದು ಬಾಯಿ ತೆರೆದ. ಬಂದದ್ದು ಸೀನು.