ಮಾವನವರ ತಾಳಿ ಮತ್ತು ಎರಡು ಪದರದ ಡಿವಿಡಿ

ಹೆಂಡತಿಯ ತವರಿನಲ್ಲಿ ಒಳ್ಳೆಯ ಹೆಸರು ಬರುವುದಕ್ಕಿಂತ ದೊಡ್ಡ ಕಂಟಕ ಇನ್ನೊಂದಿಲ್ಲ. ಕೆಟ್ಟ ಹೆಸರಿದ್ದವನು ಹೋಳಿಗೆ ತಿಂದು ನಿಶ್ಚಿಂತೆಯಾಗಿ ಮಲಗುತ್ತಾನೆ, ಅವನನ್ನು ಯಾರೂ ಯಾವ ಕೆಲಸಕ್ಕೂ ಎಬ್ಬಿಸುವುದಿಲ್ಲ. ನಾನು ಹಾಸನದ ಕಾಲೇಜೊಂದರಲ್ಲಿ ಹಳಗನ್ನಡ ಪಾಠ ಮಾಡುವವನು. ಕಂಪ್ಯೂಟರಿಗೂ ನನಗೂ ದೂರದ ನೆಂಟಸ್ತನ. ಎದುರಾದರೆ ಚೆನ್ನಾಗಿದ್ದೀರಾ ಎಂದು ಕೇಳಿ ಮುಂದೆ ಹೋಗುವಷ್ಟು ಮಾತ್ರ. ಆದರೆ ಮದುವೆಯ ಹೊಸತರಲ್ಲಿ ಚನ್ನರಾಯಪಟ್ಟಣದ ಮಾವನವರ ಮನೆಯಲ್ಲಿ ಟಿವಿ ಕೆಟ್ಟು ಕೂತಿತ್ತು. ರಿಪೇರಿಯವನಿಗೆ ಎಲ್ಲರೂ ಕಾಯುತ್ತಿದ್ದಾಗ ನಾನು ಯಾವುದೋ ವೈರನ್ನು ಎಡವಿದೆ, ಚಿತ್ರ ಬಂದುಬಿಟ್ಟಿತು. ಅಂದಿನಿಂದ ಆ ಮನೆಯಲ್ಲಿ ಮಿಕ್ಸಿಯಿಂದ ಮೊಬೈಲಿನವರೆಗೆ ಏನು ಮುನಿಸಿಕೊಂಡರೂ "ಅಳಿಯಂದಿರು ಬರ್ಲಿ ಬುಡಿ" ಎನ್ನುವುದು ರೂಢಿಯಾಯಿತು. ಬೇರೆ ಅಳಿಯಂದಿರು ಬಂದರೆ ಚಾಪೆ ಹಾಸುತ್ತಾರೆ, ನನಗೆ ಸ್ಕ್ರೂ ಡ್ರೈವರ್ ಕೊಡುತ್ತಾರೆ.

ಈಚೆಗೆ ಮಾವನವರ ಅರವತ್ತರ ಶಾಂತಿ ಆಯಿತು. ಕೊಬ್ಬರಿ ವ್ಯಾಪಾರದ ರುದ್ರಪ್ಪನವರು ಎಂದರೆ ಊರಿನ ಅರ್ಧ ಜನ ಬರುವವರೇ. ಹೊಸ ಪಂಚೆ ಉಟ್ಟು, ಬಾಸಿಂಗ ಕಟ್ಟಿಕೊಂಡು, ನಮ್ಮತ್ತೆಯ ಕೊರಳಿಗೆ ಎರಡನೆಯ ಸಲ ತಾಳಿ ಕಟ್ಟಿದರು. ಎಲ್ಲವನ್ನೂ ಅರಕಲಗೂಡಿನ ಮಂಜ ಎಂಬಾತ ವಿಡಿಯೋ ತೆಗೆದ. ಒಂದು ಭಾನುವಾರ ಮಾವನವರು ನನ್ನ ಅಂಗೈಗೆ ಒಂದು ಪೆನ್ ಡ್ರೈವ್ ಇಟ್ಟರು.

"ನೋಡಿ ಇವ್ರೇ, ಡಿಸ್ಕ್ ಕೇಳುದ್ರೆ ಇದ್ ಕೊಟ್ಟವ್ನೆ ಆ ವಿಡಿಯೋದವ್ನು. ಇದ್ನ ನಮ್ ಪ್ಲೇಯರ್‌ಗೆ ಎಲ್ಲಿ ಚುಚ್ಚಾನ? ನೀವು ಡಿಸ್ಕಿಗೆ ಆಕ್ಕೊಡಿ. ಒಂದೇ ಡಿಸ್ಕಾಗ್ಬೇಕು. ನಡುವೆ ಎದ್ದೋಗಿ ಬದಲಾಯ್ಸಾಕೆ ನನ್ ಮಂಡಿ ಒಪ್ಪಾಕಿಲ್ಲ."

ಫೋನಿನಲ್ಲೇ ತೋರಿಸುತ್ತೇನೆ ಎಂದು ಹೇಳಿ ನೋಡಿದೆ. "ಅಂಗೈಯಗಲ ತೆರೇಲಿ ತಾಳಿ ಕಾಣ್ತದಾ?" ಎಂದರು.

ಮಂಜನಿಗೆ ಫೋನ್ ಮಾಡಿದೆ. "ಡಿವಿಡಿ ಈಗ ಯಾರ್ ಸಾ ಕೇಳ್ತಾರೆ? ಅದ್ರಲ್ಲಿ ಇಮೇಜ್ ಫೈಲ್ ಐತೆ, ಬರ್ನ್ ಮಾಡ್ಕಳಿ, ಅಷ್ಟೇಯ" ಎಂದ. ಇಮೇಜ್ ಎಂದರೆ ಬಿಂಬ ಎಂದು ಪಾಠ ಮಾಡುವವನು ನಾನು. ಅದನ್ನು ಸುಡಬೇಕು ಎನ್ನುವುದು ಯಾವ ಲಕ್ಷಣಗ್ರಂಥದಲ್ಲೂ ಇಲ್ಲ. ಹಳೆಯ ಕಂಪ್ಯೂಟರಿನ ಧೂಳು ಒರೆಸಿ, ಹಾಸನದ ಅಂಗಡಿಯಿಂದ ಒಂದು ಸಾಧಾರಣ ಡಿವಿಡಿ ತಂದು ಹಾಕಿದೆ. ಜಾಗ ಸಾಲದು ಎಂದಿತು. ಮಾವನವರ ಬಳಗವೇ ಅಷ್ಟು ದೊಡ್ಡದು, ಕಲ್ಯಾಣ ಮಂಟಪದಲ್ಲೇ ಜಾಗ ಸಾಲದೆ ಮೂರು ಪಂಕ್ತಿ ಹಾಕಿದ್ದರು. ಮತ್ತೆ ಮಂಜನಿಗೆ ಫೋನ್. "ಅದು ಸಿಂಗಲ್ ಸಾ, ಡ್ಯುಯಲ್ ಲೇಯರ್ ತಕ್ಕಬೇಕು" ಎಂದ. ಎರಡು ಪದರದ ಡಿಸ್ಕು ಕೇಳಿದರೆ ಅಂಗಡಿಯವರು, ಯಾವುದೋ ಶಾಸನದ ಅರ್ಥ ಕೇಳಲು ಬಂದವನನ್ನು ನೋಡುವಂತೆ ನೋಡಿದರು. ಕೊನೆಗೆ ಬಸ್ ನಿಲ್ದಾಣದ ಹಿಂದಿನ ಅಂಗಡಿಯೊಂದರಲ್ಲಿ ಮೇಲಿನ ಅಟ್ಟದಿಂದ ಒಂದು ಡಬ್ಬಿ ಇಳಿಯಿತು. ಅಂಗಡಿಯವರು ಅದರ ಧೂಳನ್ನು ನನ್ನ ಕಡೆಗೇ ಊದಿ, "ವಾಪಸ್ ತಗೊಳ್ಳಲ್ಲ ಸಾರ್, ಎಲ್ಲಾ ನೀವೇ ಇಟ್ಕೊಳ್ಳಿ" ಎಂದು ಕೈಮುಗಿದರು.

ಮೊದಲನೆಯದಕ್ಕೆ ಫೈಲನ್ನು ಇದ್ದಂತೆಯೇ ಎಳೆದು ಹಾಕಿದೆ. ನಮ್ಮ ಪ್ಲೇಯರ್ ಅದನ್ನು ನುಂಗಿ, ಸ್ವಲ್ಪ ಹೊತ್ತು ಗೊರಕೆ ಹೊಡೆದು, ಹಾಗೆಯೇ ಉಗುಳಿತು. "ಅಂಗಲ್ಲ ಸಾ! ಕೊಬ್ರಿ ಮೂಟೇನ ಬಾಯಿ ಕಟ್ಟಿದಂಗೇ ಒಳಗಿಟ್ರೆ ಯಾರ್ ತಿಂತಾರೆ? ಬಿಚ್ಚಿ ಜೋಡುಸ್ಬೇಕು. ಅದ್ಕೇ ಬೇರೆ ಸಾಫ್ಟ್‌ವೇರ್ ಐತೆ" ಎಂದ ಮಂಜ. ಅದನ್ನೂ ಹಾಕಿದೆ. ಬೇಗ ಮುಗಿಯಲಿ ಎಂದು ಅತಿ ವೇಗಕ್ಕೆ ಬಿಟ್ಟೆ. ಅರ್ಧ ದಾಟಿದ ಕೂಡಲೇ ಕೆಂಪು ಅಕ್ಷರದಲ್ಲಿ ಬೈದು ನಿಂತಿತು. ಇನ್ನೊಂದಕ್ಕೂ ಅದೇ ಗತಿ. ನನ್ನ ಹೆಂಡತಿ ಶೈಲಾ ಹಾಳಾದ ಡಿಸ್ಕುಗಳನ್ನು ನೋಡಿ, "ಬರ್ನ್ ಅಂದ್ರೆ ಸುಡೋದು ಸರಿ, ಆದ್ರೆ ನೀವು ಸೀಸಿಬಿಡ್ತಾ ಇದೀರಲ್ಲ" ಎಂದಳು. ಆ ಮಾತಿನಲ್ಲೇ ಮದ್ದಿತ್ತು. ಉರಿ ಸಣ್ಣಗೆ ಮಾಡಿದೆ, ಎಂದರೆ ಎಲ್ಲಕ್ಕಿಂತ ನಿಧಾನದ ವೇಗಕ್ಕೆ ಇಟ್ಟೆ. ಸುಡುವ ಮುಂಚೆ, ಪದರ ಎಲ್ಲಿ ಬದಲಾಯಿಸಲಿ ಎಂದು ಏನೋ ಕೇಳಿತು. ಹಿರಿಯರು ಕೇಳಿದ್ದಕ್ಕೆಲ್ಲ ಹೂಂ ಅನ್ನುವ ಅಭ್ಯಾಸದಲ್ಲಿ ಸರಿ ಎಂದು ಒತ್ತಿದೆ. ಡಿಸ್ಕ್ ಹದವಾಗಿ ಬೆಂದು ಈಚೆ ಬಂತು.

ಮುಂದಿನ ಭಾನುವಾರ ಚನ್ನರಾಯಪಟ್ಟಣದಲ್ಲಿ ನೆರೆಹೊರೆಯವರೆಲ್ಲ ಸೇರಿದರು. ಮಂಗಳವಾದ್ಯ, ಅಕ್ಷತೆ, ಪುರೋಹಿತರ ಗಡಿಬಿಡಿ, ಎಲ್ಲ ಚೆನ್ನಾಗಿ ಬಂತು. ಮಾವನವರು ತಾಳಿ ಹಿಡಿದು ಎದ್ದರು, ಬಗ್ಗಿದರು, ಕೈ ಅತ್ತೆಯ ಕೊರಳವರೆಗೆ ಹೋಯಿತು. ಹೋಗಿದ್ದು ಅಲ್ಲೇ ನಿಂತಿತು. ವಾದ್ಯವೂ ನಿಂತಿತು. ಎರಡು ಉಸಿರಿನಷ್ಟು ಹೊತ್ತು ಮಾವನವರು ತಾಳಿ ಹಿಡಿದು ಅತ್ತೆಯ ಮುಖ ನೋಡುತ್ತ ಕಲ್ಲಾದರು. ಆಮೇಲೆ ಚಿತ್ರ ಒಮ್ಮೆ ಅದುರಿತು, ಮಾವನವರು ತಾಳಿ ಕಟ್ಟಿದರು.

"ನೋಡ್ದ್ರಾ?" ಎಂದು ಅತ್ತೆ ಎದ್ದು ನಿಂತರು. "ಯೋಚ್ನೆ ಮಾಡ್ತಾವ್ರೆ! ಅವತ್ತೂ ಇಂಗೇಯ, ಇವತ್ತೂ ಇಂಗೇಯ!"

ಇದರ ಹಿಂದೆ ಒಂದು ಹಳೆಯ ವ್ಯಾಜ್ಯವಿದೆ. ಅವರ ಮೊದಲ ಮದುವೆಯಲ್ಲಿ ಮಾವನವರು ತಾಳಿ ಕೈಗೆ ಬಂದ ಮೇಲೆ ಇದ್ದಕ್ಕಿದ್ದಂತೆ ಹಸೆಮಣೆಯಿಂದೆದ್ದು ಒಳಗೆ ಹೋಗಿ ಬಂದರಂತೆ. ಪಂಚೆ ಜಾರುತ್ತಿತ್ತು, ಬಿಗಿ ಮಾಡಿಕೊಂಡು ಬಂದೆ ಎನ್ನುವುದು ಅವರ ವಾದ. ಮನಸ್ಸು ಜಾರುತ್ತಿತ್ತು ಎನ್ನುವುದು ಅತ್ತೆಯದು. ಅಂದು ಫೋಟೋದವನೂ ಇರಲಿಲ್ಲ, ಸಾಕ್ಷಿಯಿಲ್ಲದೆ ಕೇಸು ಇಷ್ಟು ವರ್ಷ ಎಳೆದಿತ್ತು.

"ಅದು ಡಿಸ್ಕ್ ನಿಂತಿದ್ದು ಕಣೇ, ನಾನಲ್ಲ!" ಎಂದರು ಮಾವ.

"ಡಿಸ್ಕಿಗೂ ಗೊತ್ತಾಗೋಗದೆ ನಿಮ್ ಮನ್ಸು!" ಎಂದು ಅತ್ತೆ ಸೆರಗು ಕೊಡವಿ ಅಡುಗೆಮನೆಗೆ ನಡೆದರು. ಪಾತ್ರೆಗಳ ಸದ್ದು ಕೇಳಿ ಮಾವನವರ ಮುಖ ಸಣ್ಣದಾಯಿತು. ನಾನು ವಿವರಿಸಿದೆ: ಈ ಎರಡು ಪದರದ ಡಿಸ್ಕು ಮಹಡಿ ಮನೆಯಿದ್ದಂತೆ, ಪ್ಲೇಯರ್ ಕೆಳಗಿನದನ್ನು ಓದಿ ಮುಗಿಸಿ ಮೇಲಕ್ಕೆ ಹತ್ತಬೇಕು, ಹತ್ತುವಾಗ ಒಂದು ಕ್ಷಣ ನಿಲ್ಲುತ್ತದೆ. "ಮೆಟ್ಲು ಅತ್ತಾಕೆ ಅದ್ಕೆ ಬ್ಯಾರೆ ಒತ್ತೇ ಸಿಗ್ನಿಲ್ವಾ?" ಎಂದವರು, ದನಿ ಇಳಿಸಿ, "ಏನಾರ ಮಾಡಿ ಸರಿ ಮಾಡಿ ಇವ್ರೇ. ಇಲ್ದಿದ್ರೆ ಸಾಯಗಂಟ ಅನ್ನುಸ್ಕಬೇಕು" ಎಂದರು. ಒಂದು ಸಂಸಾರದ ನೆಮ್ಮದಿ ನಾನು ಒತ್ತಿದ ಒಂದು ಗುಂಡಿಯಿಂದ ಕೆಟ್ಟಿತ್ತು.

ಮನೆಗೆ ಬಂದು, ಆ ಸಾಫ್ಟ್‌ವೇರ್ ಕೇಳುವ ಪ್ರಶ್ನೆಯನ್ನು ಈ ಸಲ ಶ್ರದ್ಧೆಯಿಂದ ಓದಿದೆ. ಪದರ ಬದಲಾಯಿಸಲು ಅದು ಕೆಲವೇ ಜಾಗ ತೋರಿಸುತ್ತಿತ್ತು. ಒಂದು ಆ ತಾಳಿ, ಇನ್ನೊಂದು ಮಾವನವರ ಅಕ್ಕ ಕಣ್ಣೊರೆಸಿಕೊಳ್ಳುವ ಜಾಗ. ಅಲ್ಲಿ ನಿಲ್ಲಿಸಿದರೆ, ಅತ್ತಿದ್ದು ಯಾಕೆ ಎಂದು ಹೊಸ ವ್ಯಾಜ್ಯ. ಉಳಿದದ್ದು ಊಟದ ಪಂಕ್ತಿ. ಊಟದ ನಡುವೆ ಯಾರು ನಿಂತರೇನು ಎಂದು ಅಲ್ಲಿಗೆ ಇಟ್ಟೆ.

ಮತ್ತೆ ಭಾನುವಾರ. ಹಳೆಯ ಡಿಸ್ಕನ್ನು ಎಲ್ಲರೆದುರು ಲಟಕ್ಕೆಂದು ಮುರಿದು, ಹೊಸದನ್ನು ಹಾಕಿದೆ. ತಾಳಿ ಎಣ್ಣೆಯಲ್ಲಿ ಜಾರಿದಂತೆ ಕೊರಳು ಸೇರಿತು. ಊಟ ಬಂತು, ಕ್ಯಾಮೆರಾ ಪಂಕ್ತಿಯುದ್ದಕ್ಕೂ ತೆವಳಿತು, ನಿಂತಿತು. ನಿಂತಿದ್ದು ನನ್ನ ಮೇಲೆ. ಅರೆಗಣ್ಣು, ಎರಡೂ ಕೆನ್ನೆ ಉಬ್ಬಿವೆ, ಆದರೂ ಇನ್ನೊಂದು ಹೋಳಿಗೆ ಬಾಯಿಯ ಬಾಗಿಲಲ್ಲಿ ಅರ್ಜಿ ಹಿಡಿದು ನಿಂತಿದೆ. ಮನೆ ಬಿದ್ದುಹೋಗುವಂತೆ ನಕ್ಕರು. ಮಾವನವರು ಕೆಮ್ಮಿ ಕಣ್ಣಲ್ಲಿ ನೀರು ತಂದುಕೊಂಡರು. ಅತ್ತೆ ಮಾತ್ರ, "ಅಷ್ಟೇನಾ?" ಎಂದು ಎದ್ದು ಹೋದರು.

ಸಂಜೆ ಮಾವನವರು ನನ್ನನ್ನು ಕೊಬ್ಬರಿ ಗೋದಾಮಿಗೆ ಕರೆದುಕೊಂಡು ಹೋದರು. "ಆ ಮೊದ್ಲಿನ್ ಡಿಸ್ಕು ಅಂಟಾಕಾಕೆ ಆಯ್ತದಾ?"

"ಇಲ್ಲ ಮಾವ, ಯಾಕೆ?"

"ನಿಮ್ಮತ್ತೆ ಇವತ್ತು ಮದ್ಯಾನ್ನದಿಂದ ನನ್ನ ಒಂದ್ ಮಾತು ಅಂದಿಲ್ಲ. ಓದ್ ವಾರ ನೋಡ್ಬೇಕಾಗಿತ್ತು ನೀವು! ಬಂದೋರ್ಗೆಲ್ಲ ಆ ಜಾಗ ಆಕ್ ತೋರ್ಸೋದು, ನನ್ನ ಬಯ್ಯೋದು, ನಗೋದು, ಮತ್ತೆ ಆಕೋದು. ಮದ್ವೆ ಎಣ್ಣಿನಂಗೆ ಓಡಾಡ್ಕಂಡಿದ್ಲು. ಈಗ ಕೈಗೆ ಸಿಕ್ಕಿದ್ ಸಾಕ್ಸಿನೇ ಓಯ್ತು ಅಂತ ಮಂಕಾಗವ್ಳೆ. ಅದೇ ಬೇಕಂತೆ ಕಣ್ರೀ."

"ನಿಮಗೆ ಬೇಜಾರಿಲ್ವಾ?"

"ಬಯ್ಸ್ಕಳೋದು ರೂಡಿ ಆಗೋಗದೆ. ಸುಮ್ಕಿದ್ರೆ ದಿಗಿಲಾಯ್ತದೆ."

ಹೀಗಾಗಿ ಸರಿಮಾಡಿದ್ದನ್ನು ಕೆಡಿಸಲು ನಾನು ಮತ್ತೆ ಕಂಪ್ಯೂಟರಿನ ಮುಂದೆ ಕೂತೆ. ಶೈಲಾ ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. "ಒಂದು ಕೇಳ್ಲಾ? ನಮ್ಮ ಮದುವೇಲಿ ನೀವು ಎಲ್ಲೂ ನಿಲ್ಲಲಿಲ್ಲ ಅಲ್ವಾ?"

"ಎಲ್ಲಾದರೂ ಉಂಟೇ! ಪುರೋಹಿತರು ಹೇಳೋಕೆ ಮುಂಚೇನೇ ಕಟ್ಟಿದ್ದೆ" ಎಂದೆ ಹೆಮ್ಮೆಯಿಂದ.

"ಅದೇ ನೋಡಿ. ಅಮ್ಮನಿಗೆ ಬೈಯೋಕೆ ಜೀವಮಾನಕ್ಕಾಗುವಷ್ಟು ಸಿಕ್ತು. ನನಗೆ ಅದೂ ಇಲ್ಲ."

ಸಮಾಧಾನಪಡಿಸಲು ಜಾಣತನದ ಉತ್ತರವೊಂದು ಹೊಳೆಯಿತು. "ನಮ್ಮ ಮದುವೆಯ ಡಿವಿಡಿ ಒಂದೇ ಪದರದ್ದು ಶೈಲಾ. ಯೋಚನೆ ಮಾಡೋಕೆ ಅದರಲ್ಲಿ ಜಾಗ ಎಲ್ಲಿತ್ತು?"

ಅವಳು ಅವರೆಕಾಳಿನ ಮೊರ ಎತ್ತಿಕೊಂಡು ಎದ್ದಳು. "ಒಂದೇ ಪದರದ್ದು ಡಿವಿಡಿ ಮಾತ್ರ ಅಲ್ಲ ಬಿಡಿ" ಎಂದು ಒಳಗೆ ಹೋದಳು.

ನಾನು ನಕ್ಕೆ. ಶ್ಲೇಷೆ ಬಿಡಿಸುವುದನ್ನೇ ಕಸುಬು ಮಾಡಿಕೊಂಡ ನನಗೆ ಆ ಮಾತಿನ ಎರಡನೆಯ ಅರ್ಥ ಹೊಳೆಯುವ ಹೊತ್ತಿಗೆ ಡಿಸ್ಕ್ ಪೂರ್ತಿ ಬೆಂದು ಈಚೆ ಬಂದಿತ್ತು.