ಉಗುರು ತಾಗಿದ ಮಾದಲ

ಯಾವ ವಸ್ತುವನ್ನೇ ಆಗಲಿ ಕಣ್ಣಿನಿಂದ ಕೊಳ್ಳಬಾರದು, ಕೈಯಿಂದ ಕೊಳ್ಳಬೇಕು ಎಂಬುದು ನನ್ನ ಸಿದ್ಧಾಂತ. ತೆಂಗಿನಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಬೇಕು, ಬೆಂಡೆಕಾಯಿಯ ತುದಿ ಮುರಿಯಬೇಕು, ನಿಂಬೆ ಜಾತಿಯದನ್ನು ಉಗುರಿನಿಂದ ಗೀರಿ ಮೂಸಬೇಕು. ಪೀಣ್ಯದಲ್ಲಿ ಲೇತ್ ಒರೆಸುವ ಕೆಲಸಕ್ಕೆ ಸೇರಿದವನು ಇಂದು ಸ್ವಂತ ಶೆಡ್ಡಿನ ಯಜಮಾನನಾಗಿದ್ದರೆ, ಅದು ಹೀಗೆ ಎಲ್ಲವನ್ನೂ ಗೀರಿ ನೋಡಿದ್ದರಿಂದಲೇ. ಹೆಣ್ಣು ನೋಡಲು ಹೋದಾಗಲೂ ಉಪ್ಪಿಟ್ಟಿನ ರವೆಯನ್ನು ಬೆರಳಲ್ಲಿ ತಿಕ್ಕಿ ಪರೀಕ್ಷಿಸಿದೆನೆಂದು ನನ್ನ ಹೆಂಡತಿ ಸರೋಜ ಇವತ್ತಿಗೂ ಬಂದವರ ಮುಂದೆ ಹೇಳುತ್ತಾಳೆ. ಅದು ಶುದ್ಧ ಸುಳ್ಳು. ಗೋಡಂಬಿಯನ್ನು ಮಾತ್ರ ನೋಡಿದ್ದೆ.

ಬಾಡಿಗೆ ಶೆಡ್ಡಿನಲ್ಲಿ ವ್ಯಾಪಾರ ಮುಳುಗುವಂತಿದ್ದ ಕಾಲದಲ್ಲಿ ಸರೋಜ ನನಗೆ ಹೇಳದೆ ಒಂದು ಹರಕೆ ಹೊತ್ತಿದ್ದಳು. ಸ್ವಂತ ಶೆಡ್ಡಾದರೆ ಅಲ್ಲಿ ಚಂಡೀಹೋಮ ಮಾಡಿಸಿ, ಅಮ್ಮನವರಿಗೆ ಮಾದಲ ಹಣ್ಣು ಅರ್ಪಿಸುತ್ತೇನೆ ಎಂದು. ಮಾದಲವೆಂದರೆ ನಿಂಬೆ ವಂಶದ ಹಿರಿಯಜ್ಜ: ಮೈಯೆಲ್ಲ ಗಂಟು, ದಪ್ಪ ಸಿಪ್ಪೆ, ಹಿಂಡಿದರೆ ಹೆಸರಿಗಷ್ಟೇ ರಸ. ಹೋಮದ ಹಿಂದಿನ ಸಂಜೆ ರಾಜಗೋಪಾಲನಗರದ ರಸ್ತೆಬದಿಯಲ್ಲಿ, ಹಣ್ಣು ಮಾರುವ ಗಂಗಮ್ಮನ ಬುಟ್ಟಿಯಲ್ಲಿ ಸಿಕ್ಕಿತು. ಒಂದೊಂದನ್ನೂ ಎತ್ತಿ, ಗೀರಿ, ಮೂಸಿ, ಇದು ಎಳಸು, ಅದು ಬಾಡಿದ್ದು ಎಂದು ಕೆಳಗಿಟ್ಟು, ಬುಟ್ಟಿಯೆಲ್ಲ ಮುಗಿದ ಮೇಲೆ ಮೊದಲು ಎತ್ತಿದ್ದನ್ನೇ ಆರಿಸಿ, ಅದಕ್ಕೂ ಚೌಕಾಸಿ ಮಾಡಿ ತಂದೆ.

ಬೆಳಗ್ಗೆ ಹೊಸ ಶೆಡ್ಡಿನಲ್ಲಿ ಹೋಮ ನಡೆಯುತ್ತಿತ್ತು. ಶಾಸ್ತ್ರಿಗಳು ಹಣ್ಣನ್ನು ಕೈಗೆತ್ತಿಕೊಂಡು ತಿರುಗಿಸಿ, ಅದರ ಮೇಲಿದ್ದ ಅರ್ಧಚಂದ್ರದ ಗುರುತನ್ನು ನೋಡಿ, ಯಾರು ಗೀರಿದ್ದು ಎಂದು ಕೇಳಿದರು. ನಾನು ಹೆಮ್ಮೆಯಿಂದಲೇ, ನಾನೇ ಗೀರಿದ್ದು, ಮೂಸಿಯೂ ನೋಡಿದ್ದೇನೆ, ಮಾಲು ಚೆನ್ನಾಗಿದೆ ಎಂದೆ. ಸರೋಜ ಕಣ್ಣು ಮುಚ್ಚಿಕೊಂಡಳು. ಗಾಯವಾಗಿ ಭಿನ್ನವಾದ ಹಣ್ಣು, ಅದರಲ್ಲೂ ಮೂಸಿದ್ದು, ದೇವರಿಗಾಗದು. ಪೂರ್ಣಾಹುತಿಯೊಳಗೆ ಬೇರೆ ತನ್ನಿ, ಅಲ್ಲಿಯವರೆಗೆ ಮಂತ್ರವನ್ನು ನಿಧಾನವಾಗಿ ಹೇಳುತ್ತಿರುತ್ತೇನೆ ಎಂದರು ಶಾಸ್ತ್ರಿಗಳು. ಸರೋಜ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. "ಲೋಕಾನೆಲ್ಲಾ ಗೀರ್ಕೊಳ್ಳಿ ಕಣ್ರೀ. ನನ್ ಹರಕೆ ಒಂದನ್ನ ಬಿಡಬಾರ್ದಿತ್ತಾ?" ಎಂದಳು, ಅಷ್ಟೆ.

ಸ್ಕೂಟರ್ ಹತ್ತಿದೆ. ಎರಡು ಅಂಗಡಿಯಲ್ಲಿ ನಿಂಬೆ ತೋರಿಸಿದರು, ಇನ್ನೊಬ್ಬ ಚಕ್ಕೋತವನ್ನೇ ಮಾದಲವೆಂದು ದಾಟಿಸಲು ನೋಡಿದ. ನನಗೇ! ಕೊನೆಗೆ ಗಂಗಮ್ಮನ ಮುಂದೆ ನಿಂತೆ. ಬುಟ್ಟಿಯ ತುಂಬ ಮಾದಲ. ಪ್ರತಿಯೊಂದರ ಮೇಲೂ ನನ್ನದೇ ಅರ್ಧಚಂದ್ರ, ರಾತ್ರಿಯಿಡೀ ಒಣಗಿ ಕಂದು ಬಣ್ಣಕ್ಕೆ ತಿರುಗಿತ್ತು.

"ಹುಡುಕಿ ಸಾರ್, ಹುಡುಕಿ. ಎಲ್ಲಾದಕ್ಕೂ ನೀವೇ ಸೀಲ್ ಒತ್ತಿದ್ದೀರಲ್ಲ" ಎಂದಳು ಗಂಗಮ್ಮ.

ನಾನು ಹರಕೆಯ ಕಥೆಯನ್ನೆಲ್ಲ ಹೇಳಿದೆ. ಅವಳು ಸಾವಧಾನವಾಗಿ ಎಲೆಯಡಿಕೆ ಹಾಕಿಕೊಂಡು, ಹಿಂದಿದ್ದ ಗೋಣಿಯ ಕೆಳಗಿನಿಂದ ತೊಟ್ಟಿನ ಸಮೇತ ಒಂದು ಹಣ್ಣನ್ನು ತೆಗೆದಳು. ನನ್ನ ಬೆರಳು ತಾನಾಗಿಯೇ ಮುಂದೆ ಹೋಯಿತು. ಅವಳು ಹಣ್ಣನ್ನು ಹಿಂದಕ್ಕೆಳೆದುಕೊಂಡಳು.

"ಅಕ್ಕಂಗೋಸ್ಕರ ಕೊಡ್ತೀನಿ, ನಿಮ್ಗಲ್ಲ. ಆದ್ರೆ ಇಂಗೆ ಗೀರಾಕಿರೋವನ್ನ ಯಾರ್ ತಕೊಂತಾರೆ? ಬುಟ್ಟಿ ಪೂರ್ತಿ ನೀವೇ ಒಯ್ಯಿ. ರೇಟ್ ಮಾತಾಡಂಗಿಲ್ಲ."

ಜೀವಮಾನದಲ್ಲಿ ಮೊದಲ ಬಾರಿಗೆ ಕೇಳಿದಷ್ಟು ಕೊಟ್ಟೆ. ಆಶ್ಚರ್ಯವೆಂದರೆ ಪ್ರಾಣ ಹೋಗಲಿಲ್ಲ. ಹಣ್ಣನ್ನು ಟವೆಲ್ಲಿನಲ್ಲಿ ಸುತ್ತಿ ಎದೆಗವಚಿಕೊಂಡು, ಉಸಿರನ್ನೂ ಆಚೆ ತಿರುಗಿ ಬಿಡುತ್ತ, ಬುಟ್ಟಿಯನ್ನು ಕಾಲ ಬಳಿ ಇಟ್ಟುಕೊಂಡು, ಒಂದೇ ಕೈಯಲ್ಲಿ ಗಾಡಿ ಓಡಿಸಿ ಬಂದೆ. ಶಾಸ್ತ್ರಿಗಳ ರಾಗ ಆ ಹೊತ್ತಿಗೆ ತೀರಾ ಎಳೆದುಹೋಗಿತ್ತು. ಸರೋಜ ಹಣ್ಣನ್ನು ಸುತ್ತ ತಿರುಗಿಸಿ ನೋಡಿ, ಅಗ್ನಿಗೆ ಅರ್ಪಿಸಿ ಕೈಮುಗಿದಳು. ಅವಳ ಹೆಗಲು ಕೆಳಗಿಳಿದದ್ದು ಕಂಡ ಮೇಲೆ ನನ್ನದೂ ಇಳಿಯಿತು.

ಗೀರಿದವು ವ್ಯರ್ಥವಾಗಲಿಲ್ಲ. ಇದ್ದಷ್ಟು ರಸಕ್ಕೆ ಚಿತ್ರಾನ್ನವಾಯಿತು, ಬೆಲ್ಲ ಹಾಕಿ ಗೊಜ್ಜಾಯಿತು, ಉಳಿದದ್ದೆಲ್ಲ ಭರಣಿಗಟ್ಟಲೆ ಉಪ್ಪಿನಕಾಯಿ. ಶೆಡ್ಡಿನ ಬಿಜಾಪುರದ ಹುಡುಗರು ರೊಟ್ಟಿಯ ಜೊತೆ ಚಪ್ಪರಿಸುತ್ತಾರೆ. ಮಾದಲ ಕೊಳ್ಳುವವರಿಗೆ ನನ್ನ ಸಲಹೆ ಈಗಲೂ ಅದೇ: ಗೀರಿ ನೋಡದೆ ಕೊಳ್ಳಬೇಡಿ; ಆದರೆ ಮೊದಲು ಅದು ದೇವರಿಗೋ ಭರಣಿಗೋ ಎಂದು ಮನೆಯಲ್ಲಿ ಕೇಳಿಕೊಂಡು ಹೋಗಿ. ನಮ್ಮ ಮನೆಯಲ್ಲಂತೂ ಊಟದ ಹೊತ್ತಿಗೆ ಸರೋಜ ಭರಣಿಯಲ್ಲಿ ಸೌಟಾಡಿಸಿ, ಅರ್ಧಚಂದ್ರವಿರುವ ಹೋಳನ್ನೇ ಹುಡುಕಿ ನನ್ನ ತಟ್ಟೆಗೆ ಹಾಕುತ್ತಾಳೆ. ಚೌಕಾಸಿ ಮಾಡದೆ ತಿನ್ನುತ್ತೇನೆ.